ಕಕ್ಕಡದ ಮಳೆ, ಜನವರಿಯ ಹೊಳೆ

ಜನವರಿಯಲ್ಲಿ, ಕೊಡಗಿನ ನಿಮ್ಮ ಕಾಫಿ ತೋಟದ ಕೆಳಗಿನ ತೋಡಿನಲ್ಲಿ ಹರಿಯುವ ನೀರು ಯಾವಾಗ ಬಿದ್ದ ಮಳೆ? ಇಲ್ಲಿಂದಲೇ ಶುರು ಮಾಡೋಣ. ಸುಗ್ಗಿಯ ಹಬ್ಬ ಪುತ್ತರಿ ಮುಗಿದು, ಗದ್ದೆ ಕೊಯ್ಲಾಗಿ, ಕಾಫಿ ಹಣ್ಣು ಕುಯ್ಯುವ ಕೆಲಸ ಜೋರಾಗಿರುತ್ತದೆ. ವಾರಗಟ್ಟಲೆ ಮಳೆ ಇಲ್ಲ. ಆದರೂ ತೋಡು ಹರಿಯುತ್ತಿದೆ. ಕಕ್ಕಡದಲ್ಲಿ (ಜುಲೈ-ಆಗಸ್ಟಿನ ಜೋರು ಮಳೆಯ ಕೊಡವ ತಿಂಗಳು), ಅದರ ಹಿಂದುಮುಂದಿನ ತಿಂಗಳಲ್ಲಿ ಬಿದ್ದು ಮಣ್ಣಿಗೆ ಇಳಿದ ನೀರು ಅದು. ಇಳಿಜಾರಿನ ಒಳಗೆ ನಿಧಾನವಾಗಿ ಸರಿದು ಒರತೆಯಾಗಿ ಈಗ ಹೊರಬರುತ್ತಿದೆ. ಮಳೆ ಬಿದ್ದ ದಿನವೇ ನೆಲದ ಮೇಲೆ ಓಡಿದ ನೀರು ಆಗಲೇ ಕೆಆರ್‌ಎಸ್ ಸೇರಿ ಎಷ್ಟೋ ಕಾಲವಾಯಿತು. ಇವತ್ತು ಮಾತಾಡಬೇಕಾದ ಮಾಲಿನ್ಯ, ಬರ, ಬರೆ (ಕಡಿದಾದ ಮಣ್ಣಿನ ದಿಣ್ಣೆ) ಕುಸಿತ ಮೂರನ್ನೂ ನಾನು ಈ ಒಂದೇ ಪ್ರಶ್ನೆಯಿಂದ ನೋಡುತ್ತೇನೆ: ಬಿದ್ದ ಮಳೆ ಯಾವ ದಾರಿ ಹಿಡಿಯಿತು?

ಕೊಡಗಿನಲ್ಲಿ ಮಳೆಯನ್ನು ಇಂಚು-ಸೆಂಟಿನಲ್ಲಿ (ಸೆಂಟು ಎಂದರೆ ಇಂಚಿನ ನೂರನೇ ಒಂದು ಪಾಲು) ಅಳೆಯುವುದು ರೂಢಿ, ಅದನ್ನೇ ಇಟ್ಟುಕೊಳ್ಳೋಣ. ಒಂದು ಎಕರೆಯ ಮೇಲೆ ಒಂದು ಇಂಚು ಮಳೆ ಎಂದರೆ 1 ಲಕ್ಷದ 3 ಸಾವಿರ ಲೀಟರ್. ತೂಕದಲ್ಲಿ 103 ಟನ್. ಭಾಗಮಂಡಲದ ಕಡೆ ವರ್ಷಕ್ಕೆ 200 ಇಂಚು ದಾಟುವುದುಂಟು. ಅಲ್ಲಿಂದ ಮಡಿಕೇರಿ ಹಾದು 70 ಕಿಲೋಮೀಟರ್ ಆಚೆ ಕುಶಾಲನಗರಕ್ಕೆ ಬಂದರೆ 40 ಇಂಚಿನ ಆಸುಪಾಸು. ಒಂದೇ ಜಿಲ್ಲೆ, ಒಂದೇ ಕಾವೇರಿ, ಮಳೆಯಲ್ಲಿ ನಾಲ್ಕೈದು ಪಟ್ಟು ವ್ಯತ್ಯಾಸ. ಹಾಗಾಗಿ "ಕೊಡಗಿನಲ್ಲಿ ನೀರಿಗೇನು ಕಮ್ಮಿ" ಎನ್ನುವ ಮಾತನ್ನು ಯಾವ ಊರಿನವರು ಹೇಳುತ್ತಿದ್ದಾರೆ ಎಂದು ಮೊದಲು ಕೇಳಬೇಕು.

ಈ ಮಳೆಯಲ್ಲಿ ಎಷ್ಟು ಪಾಲು ಒಳಗಿಳಿಯುತ್ತದೆ ಎನ್ನುವುದು ನೆಲದ ಮೈ ಹೇಗಿದೆ ಎನ್ನುವುದರ ಮೇಲೆ ನಿಂತಿದೆ. ದೇವರಕಾಡಿನ ಒಳಗೆ ಹೋಗಿ ಒಂದು ಹಿಡಿ ಮಣ್ಣು ತೆಗೆದು ನೋಡಿ. ಮೇಲೆ ತರಗು, ಅದರ ಕೆಳಗೆ ಅರ್ಧ ಕೊಳೆತ ಎಲೆ, ಅದರಡಿ ಬೇರಿನ ತೂತು, ಎರೆಹುಳುವಿನ ತೂತು. ಎಷ್ಟು ಜೋರು ಹೊಡೆದರೂ ಹನಿ ನೇರವಾಗಿ ಮಣ್ಣಿಗೆ ಬಡಿಯುವುದಿಲ್ಲ, ತೂತುಗಳು ಮುಚ್ಚುವುದಿಲ್ಲ. ಚೆನ್ನಾಗಿ ನೆರಳಿರುವ ಕಾಫಿ ತೋಟ ಇದಕ್ಕೆ ಸ್ವಲ್ಪ ಕಡಿಮೆ, ಆದರೂ ಒಳ್ಳೆಯದೇ. ಜೀಪು ಓಡಾಡುವ ತೋಟದ ರಸ್ತೆ, ಸಿಮೆಂಟ್ ಹಾಕಿದ ಕಣ, ಹೋಂಸ್ಟೇ ಅಂಗಳ ಇವುಗಳ ಮೇಲೆ ಬಿದ್ದದ್ದು ಬಹುಪಾಲು ಓಡಿಯೇ ಹೋಗುತ್ತದೆ. ಸಾವಿರ ಚದರಡಿ ಮಾಡಿನ (ಮನೆಯ ಚಾವಣಿಯ) ಮೇಲೆ ಒಂದು ಇಂಚು ಬಿದ್ದರೆ 2,360 ಲೀಟರ್. ಅದನ್ನು ಎಲ್ಲಿಗೆ ಬಿಟ್ಟಿದ್ದೀರಿ ಎಂದು ನಿಮ್ಮ ನಿಮ್ಮ ಮನೆಯಲ್ಲಿ ನೋಡಿಕೊಳ್ಳಿ. ಎಷ್ಟೋ ಕಡೆ ಪೈಪಿನ ಬಾಯಿ ನೇರವಾಗಿ ಬರೆಯ ನೆತ್ತಿಗೆ ಇರುತ್ತದೆ. ಆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಗದ್ದೆಯ ಪಾತ್ರವನ್ನು ನಾವು ಮರೆಯುತ್ತಿದ್ದೇವೆ. ಎರಡು ಗುಡ್ಡದ ನಡುವಿನ ತಗ್ಗಿನಲ್ಲಿ ಬದು ಕಟ್ಟಿ ತಿಂಗಳುಗಟ್ಟಲೆ ನೀರು ನಿಲ್ಲಿಸಿದರೆ ಮೇಲಿನಿಂದ ಬಂದ ನೀರಿನ ಓಟ ತಗ್ಗುತ್ತದೆ, ಮಣ್ಣು ಅಲ್ಲೇ ತಳ ಸೇರುತ್ತದೆ, ಒಂದಷ್ಟು ಒಳಗಿಳಿಯುತ್ತದೆ. ನಾಟಿ ಬಿಟ್ಟು ಬದು ಒಡೆದುಹೋದ ಗದ್ದೆಯ ನಡುವೆ ತೋಡು ತನ್ನದೇ ಆಳದ ಕಾಲುವೆ ಕೊರೆದುಕೊಳ್ಳುತ್ತದೆ. ಕಾಲುವೆ ಆಳವಾದಷ್ಟೂ ಅಕ್ಕಪಕ್ಕದ ನೆಲದ ನೀರನ್ನು ಬೇಗ ಬಸಿದು ಒಯ್ಯುತ್ತದೆ. ನಾಟಿ ಮಾಡಲು ಆಗದಿದ್ದರೆ ಬೇಡ, ಬದುವನ್ನಾದರೂ ಉಳಿಸಿಕೊಳ್ಳಿ ಎನ್ನುವುದು ನನ್ನ ಒತ್ತಾಯ.

ತೋಟದೊಳಗೆ ತೊಟ್ಟಿಲು ಗುಂಡಿ ತೆಗೆಯುವುದು ನಿಮಗೆ ಹೊಸತಲ್ಲ. ಒಂದಡಿ ಅಗಲ, ಒಂದೂವರೆ ಅಡಿ ಆಳ, ಸಾಲಿನ ನಡುವೆ, ಇಳಿಜಾರಿಗೆ ಅಡ್ಡಲಾಗಿ, ಒಂದರ ಬಾಯಿಗೆ ಇನ್ನೊಂದು ಬರದಂತೆ. ಇಳಿಜಾರಿನ ಉದ್ದಕ್ಕೆ ತೆಗೆದರೆ ಅದು ಗುಂಡಿಯಲ್ಲ, ಚರಂಡಿ. ಇನ್ನೊಂದು ಎಚ್ಚರಿಕೆ: ಕಡಿದಾದ ಇಳಿಜಾರಿನಲ್ಲಿ, ಅದರಲ್ಲೂ ಕೆಳಗೆ ರಸ್ತೆಗೋ ಮನೆಗೋ ಮಣ್ಣು ಕಡಿದಿರುವ ಕಡೆ, ನೀರು ಇಂಗಿಸುವ ಯಾವ ಗುಂಡಿಯೂ ಬೇಡ. ಇಂಗುವುದು ಎಲ್ಲ ಕಡೆಯೂ ಒಳ್ಳೆಯದಲ್ಲ.

ಈಗ ಜನವರಿಯ ತೋಡಿನ ಹತ್ತಿರ ಹೋಗೋಣ. ಅದರಲ್ಲಿ ಎಷ್ಟು ನೀರಿದೆ ಎಂದು ತಿಳಿಯದೆ ಮಾಲಿನ್ಯದ ಮಾತು ಆಡುವುದು ವ್ಯರ್ಥ. ಅಳೆಯಲು ಟೇಪು, ಗಡಿಯಾರ, ಒಂದು ಕಿತ್ತಳೆ ಹಣ್ಣು ಸಾಕು. ನೇರವಾಗಿ ಹರಿಯುವ 10 ಮೀಟರ್ ಜಾಗ ಹುಡುಕಿ. ಅಗಲ ಅಳೆಯಿರಿ. ದಡದಿಂದ ದಡಕ್ಕೆ ಐದಾರು ಕಡೆ ಆಳ ನೋಡಿ ಸರಾಸರಿ ತೆಗೆಯಿರಿ. ಹಣ್ಣನ್ನು ಶುರುವಿನ ಗೆರೆಗಿಂತ ಸ್ವಲ್ಪ ಮೇಲೆ ಬಿಟ್ಟು 10 ಮೀಟರ್ ದಾಟಲು ಎಷ್ಟು ಸೆಕೆಂಡು ಎಂದು ಎಣಿಸಿ, ಮೂರು ಬಾರಿ ಮಾಡಿ. ಕಿತ್ತಳೆಯೇ ಏಕೆಂದರೆ ಅದು ಬಹುತೇಕ ಮುಳುಗಿಯೇ ತೇಲುತ್ತದೆ. ಎಲೆಯನ್ನೋ ಬೆಂಡನ್ನೋ ಬಿಟ್ಟರೆ ಗಾಳಿ ತಳ್ಳಿಬಿಡುತ್ತದೆ. ಮೇಲ್ಮೈ ನೀರು ತಳದ ನೀರಿಗಿಂತ ವೇಗವಾಗಿ ಓಡುವುದರಿಂದ ಬಂದ ವೇಗವನ್ನು 0.8ರಿಂದ ಗುಣಿಸಬೇಕು. ಉದಾಹರಣೆಗೆ 2 ಮೀಟರ್ ಅಗಲ, ಸರಾಸರಿ 15 ಸೆಂಟಿಮೀಟರ್ ಆಳ, 10 ಮೀಟರಿಗೆ 25 ಸೆಕೆಂಡು. ಲೆಕ್ಕ ಹಾಕಿದರೆ ಸೆಕೆಂಡಿಗೆ 96 ಲೀಟರ್. ದಿನಕ್ಕೆ ಸುಮಾರು 83 ಲಕ್ಷ ಲೀಟರ್. ಕೇಳಲು ದೊಡ್ಡದು. ಈ ತೋಡನ್ನು ನೆನಪಿಟ್ಟುಕೊಳ್ಳಿ.

ಆ ನೀರಿನಲ್ಲಿ ಮೀನು, ಏಡಿ, ಹುಳ ಬದುಕುವುದು ಕರಗಿದ ಆಮ್ಲಜನಕದಿಂದ. ಸಮುದ್ರಮಟ್ಟದಲ್ಲಿ 20 ಡಿಗ್ರಿ ಉಷ್ಣಾಂಶದ ಶುದ್ಧ ನೀರು ಲೀಟರಿಗೆ 9.1 ಮಿಲಿಗ್ರಾಂ ಹಿಡಿಯಬಲ್ಲದು. ಎತ್ತರ ಹೆಚ್ಚಿದಂತೆ ಗಾಳಿಯ ಒತ್ತಡ ಕಡಿಮೆ, ಕರಗುವುದೂ ಕಡಿಮೆ. ಮಡಿಕೇರಿ ಸುತ್ತಿನ ಎತ್ತರಕ್ಕೆ ಅದು 8ರ ಹತ್ತಿರ. ನೀರು ಬಿಸಿಯಾದರೆ ಇನ್ನೂ ಇಳಿಯುತ್ತದೆ.

ಈ ಆಮ್ಲಜನಕ ಅಳೆಯುವ ಪರೀಕ್ಷೆಯನ್ನು ಕಾಲೇಜಿನ ಮಕ್ಕಳು ಒಮ್ಮೆಯಾದರೂ ಕೈಯಾರೆ ಮಾಡಬೇಕು. 300 ಮಿಲಿಲೀಟರಿನ ಗಾಜಿನ ಬಾಟಲಿಗೆ ಒಂದೂ ಗುಳ್ಳೆ ಉಳಿಯದಂತೆ ನೀರು ತುಂಬಿ, ತಳದ ಹತ್ತಿರ ಪಿಪೆಟ್ ಇಳಿಸಿ 2 ಮಿಲಿಲೀಟರ್ ಮ್ಯಾಂಗನೀಸ್ ಸಲ್ಫೇಟ್, ಆಮೇಲೆ 2 ಮಿಲಿಲೀಟರ್ ಕ್ಷಾರೀಯ ಅಯೊಡೈಡ್-ಅಜೈಡ್ ಹಾಕಿ, ಮುಚ್ಚಿ, ತಲೆಕೆಳಗು ಮಾಡಿ ಅಲ್ಲಾಡಿಸಿ. ಆಮ್ಲಜನಕ ಇದ್ದರೆ ಕಂದು ಬಣ್ಣದ ಗಸಿ ಮೋಡದ ಹಾಗೆ ಎದ್ದು ನಿಧಾನವಾಗಿ ತಳಕ್ಕೆ ಕೂರುತ್ತದೆ. ಇಲ್ಲದಿದ್ದರೆ ಗಸಿ ಬೆಳ್ಳಗೇ ಉಳಿಯುತ್ತದೆ. ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ನೀರು ಸೇರುವ ಜಾಗದ ಮೇಲಿನಿಂದ ಒಂದು, ಕೆಳಗಿನಿಂದ ಒಂದು ಬಾಟಲಿ ಪಕ್ಕಪಕ್ಕ ಇಟ್ಟರೆ ಭಾಷಣ ಬೇಕಾಗುವುದಿಲ್ಲ. ನಂತರ 2 ಮಿಲಿಲೀಟರ್ ಗಂಧಕಾಮ್ಲ ಹಾಕಿದರೆ ಗಸಿ ಕರಗಿ ಹಳದಿ ದ್ರಾವಣವಾಗುತ್ತದೆ. ಅದರಲ್ಲಿ 200 ಮಿಲಿಲೀಟರ್ ತೆಗೆದು 0.025 ನಾರ್ಮಲ್ ಥಯೋಸಲ್ಫೇಟ್ ಹನಿಸಬೇಕು. ಹಳದಿ ತೆಳುವಾದ ಮೇಲೆ ಪಿಷ್ಟದ ದ್ರಾವಣ ಹಾಕಿ, ಎದ್ದ ನೀಲಿ ಬಣ್ಣ ಹೋಗುವವರೆಗೆ ಹನಿಸಿ. ಖರ್ಚಾದ ಪ್ರತಿ ಮಿಲಿಲೀಟರ್ ಥಯೋಸಲ್ಫೇಟಿಗೆ ಲೀಟರಿಗೆ 1 ಮಿಲಿಗ್ರಾಂ ಆಮ್ಲಜನಕ.

ಕೊಳೆಯುವ ವಸ್ತು ನೀರಿಗೆ ಬಿದ್ದರೆ ಬ್ಯಾಕ್ಟೀರಿಯಾ ಅದನ್ನು ತಿನ್ನುತ್ತಾ ಈ ಆಮ್ಲಜನಕವನ್ನು ಉಸಿರಾಡಿ ಮುಗಿಸುತ್ತವೆ. ಎಷ್ಟು ಮುಗಿಸುತ್ತವೆ ಎನ್ನುವುದರ ಅಳತೆಯೇ ಬಿಒಡಿ (ಜೈವಿಕ ಆಮ್ಲಜನಕ ಬೇಡಿಕೆ), ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು. ನಮ್ಮಲ್ಲಿ 27 ಡಿಗ್ರಿಯಲ್ಲಿ 3 ದಿನ ಇಟ್ಟು ನೋಡುತ್ತಾರೆ. ಸ್ನಾನಕ್ಕೆ ಯೋಗ್ಯವಾದ ನದಿಯ ಬಿಒಡಿ 3ಕ್ಕಿಂತ ಹೆಚ್ಚಿರಬಾರದು, ಆಮ್ಲಜನಕ 5ಕ್ಕಿಂತ ಕಡಿಮೆಯಾಗಬಾರದು ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣ ಹೇಳುತ್ತದೆ. ಇನ್ನು ಕಾಫಿ ಪಲ್ಪರಿನಿಂದ ಬರುವ ನೀರು. ಯಂತ್ರ ಯಾವುದು, ಎಷ್ಟು ನೀರು ಬಳಸುತ್ತೀರಿ ಎನ್ನುವುದರ ಮೇಲೆ ಅದರ ಬಿಒಡಿ ಕೆಲವು ಸಾವಿರದಿಂದ 10,000 ದಾಟುವವರೆಗೂ ಇರುತ್ತದೆ. ಲೆಕ್ಕಕ್ಕೆ 5,000 ಎಂದುಕೊಳ್ಳಿ. ಒಂದು ಲೀಟರ್ ಪಲ್ಪರ್ ನೀರು 625 ಲೀಟರ್ ಹೊಳೆ ನೀರಿನ ಆಮ್ಲಜನಕವನ್ನು ಪೂರ್ತಿ ನುಂಗಬಲ್ಲದು. ನಮ್ಮ 96 ಲೀಟರಿನ ತೋಡಿನಲ್ಲಿ ಆಮ್ಲಜನಕ 8ರಿಂದ 6ಕ್ಕೆ ಮಾತ್ರ ಇಳಿಯಬೇಕು ಎಂದಿಟ್ಟುಕೊಂಡರೆ, ಅದಕ್ಕೆ ಗಂಟೆಗೆ ಸೇರಬಹುದಾದ ಪಲ್ಪರ್ ನೀರು ಸುಮಾರು 138 ಲೀಟರ್. ಎಂಟೊಂಬತ್ತು ಬಿಂದಿಗೆ ಅಷ್ಟೇ. ಹತ್ತು ಸಾವಿರ ಲೀಟರ್ ಬಿಟ್ಟರೆ ಅದರ ಹೊರೆ 50 ಕಿಲೋ, ಸಾವಿರಕ್ಕೂ ಹೆಚ್ಚು ಜನರ ಒಂದು ದಿನದ ಕೊಳಚೆಗೆ ಸಮ.

ಈ ಲೆಕ್ಕ ಒರಟು, ಒಪ್ಪುತ್ತೇನೆ. ಬ್ಯಾಕ್ಟೀರಿಯಾ ಒಂದೇ ಕ್ಷಣದಲ್ಲಿ ತಿಂದು ಮುಗಿಸುವುದಿಲ್ಲ, ಬಂಡೆಗಳ ಮೇಲೆ ಬಿದ್ದು ಏಳುವಾಗ ನೀರು ಗಾಳಿಯಿಂದ ಮತ್ತೆ ಆಮ್ಲಜನಕ ಹೀರುತ್ತದೆ. ಆದರೆ ಇದರಿಂದಲೇ ಒಂದು ಮೋಸವೂ ಆಗುತ್ತದೆ. ನೀರು ಬಿಟ್ಟ ಜಾಗದಲ್ಲಿ ಏನೂ ಕಾಣುವುದಿಲ್ಲ, ಮೀನು ಸಾಯುವುದು ಕೆಲವು ಕಿಲೋಮೀಟರ್ ಕೆಳಗೆ, ಹರಿವು ನಿಧಾನವಾಗುವ ಮಡುವಿನಲ್ಲಿ. ತಲಕಾವೇರಿಯಿಂದ ನಾಪೋಕ್ಲುವರೆಗೆ ಇಳಿಜಾರಿದೆ. ಬೇತ್ರಿ ದಾಟಿ ಸಿದ್ದಾಪುರ, ದುಬಾರೆ, ಕುಶಾಲನಗರದ ಕಡೆ ಹೊಳೆ ಚಪ್ಪಟೆಯಾಗುತ್ತದೆ. ಮೇಲಿನವರ ಕೆಲಸ, ಕೆಳಗಿನವರ ಮಡು. ಕಾಲವೂ ಹಾಗೇ ಕೂಡಿಬಂದಿದೆ: ಇದೇ ಹೊರೆ ಜುಲೈಯಲ್ಲಿ ಬಿದ್ದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಪಲ್ಪಿಂಗ್ ನಡೆಯುವುದು ಹೊಳೆ ಸೊರಗುತ್ತಿರುವ ಡಿಸೆಂಬರಿನಿಂದ ಫೆಬ್ರವರಿಯಲ್ಲಿ.

ಹಾಗಾದರೆ ಏನು ಮಾಡಬೇಕು? ಮೊದಲು ನೀರು ಕಡಿಮೆ ಮಾಡಿ. ಹಣ್ಣನ್ನು ನೀರಿನಲ್ಲಿ ತೇಲಿಸಿ ಸಾಗಿಸುವ ಹಳೆಯ ಪದ್ಧತಿ ಬಿಟ್ಟು, ಒಂದೇ ನೀರನ್ನು ದಿನವಿಡೀ ತಿರುಗಿಸಿ ಬಳಸಿದರೆ ಅದನ್ನು ಹಿಡಿದಿಡುವ ಗುಂಡಿ ಚಿಕ್ಕದಿದ್ದರೂ ಸಾಕು. ಹೊಸ ಇಕೋ ಪಲ್ಪರುಗಳು ಕಿಲೋ ಹಣ್ಣಿಗೆ ಒಂದು ಲೀಟರ್ ಅಥವಾ ಅದಕ್ಕೂ ಕಡಿಮೆ ನೀರಿನಲ್ಲಿ ಕೆಲಸ ಮುಗಿಸುತ್ತವೆ. ನೀರು ಕಡಿಮೆಯಾದರೆ ಬಿಒಡಿ ಅಂಕಿ ಏರುತ್ತದೆ, ಅದಕ್ಕೆ ಹೆದರಬೇಡಿ. ಹೊರೆ ಎಂದರೆ ಅಂಕಿ ಗುಣಿಸು ನೀರು. ಇನ್ನಷ್ಟು ನೀರು ಬೆರೆಸಿ ಅಂಕಿ ಇಳಿಸುವುದು ಕಾಗದದ ಮೇಲಿನ ಶುದ್ಧೀಕರಣ, ಹೊಳೆಗೆ ಸೇರುವುದು ಅಷ್ಟೇ ಸಕ್ಕರೆ.

ಎರಡನೆಯದು, ಸಿಪ್ಪೆಯನ್ನು ಆ ಕ್ಷಣವೇ ನೀರಿನಿಂದ ಬೇರೆ ಮಾಡುವುದು. ರಾತ್ರಿಯಿಡೀ ನೀರಿನಲ್ಲಿ ನೆನೆದ ಸಿಪ್ಪೆ ತನ್ನ ಸಕ್ಕರೆಯನ್ನೆಲ್ಲ ನೀರಿಗೆ ಬಿಟ್ಟುಕೊಡುತ್ತದೆ. ಜಾಲರಿಯಲ್ಲಿ ಸೋಸಿ, ಸಿಪ್ಪೆಯನ್ನು ತೋಡಿನಿಂದ ದೂರ ಗೊಬ್ಬರದ ಗುಡ್ಡೆಗೆ ಹಾಕಿ, ಮೇಲೆ ಹೊದಿಕೆ ಇರಲಿ.

ಮೂರನೆಯದು ಸುಣ್ಣ. ಪಲ್ಪರ್ ನೀರು ಹುಳಿಯಾಗಿ ಪಿಎಚ್ (ಹುಳಿಯ ಅಳತೆ; 7 ಎಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ) 4ರ ಹತ್ತಿರ ಇಳಿದಾಗ ಅಂಟಿನ ಪೆಕ್ಟಿನ್ ಮೇಲೆದ್ದು ದಪ್ಪ ಕೆನೆ ಕಟ್ಟುತ್ತದೆ. ಅದನ್ನು ಮೊದಲು ತೆಗೆದುಬಿಡಿ. ಬಿಟ್ಟರೆ ಪೈಪು ಕಟ್ಟುತ್ತದೆ. ಸುಣ್ಣ ಎಷ್ಟು ಎಂದು ನನ್ನನ್ನು ಕೇಳಬೇಡಿ, ನಿಮ್ಮ ನೀರನ್ನೇ ಕೇಳಿ. 10 ಲೀಟರ್ ಬಕೆಟಿನಲ್ಲಿ ತೆಗೆದು, 5 ಗ್ರಾಂ ಸುಣ್ಣ ಹಾಕಿ ಕಲಕಿ, ಹತ್ತು ನಿಮಿಷ ಬಿಟ್ಟು ಪಿಎಚ್ ಕಾಗದದಲ್ಲಿ ನೋಡಿ. 7ರ ಹತ್ತಿರ ಬರುವವರೆಗೆ ಹೀಗೇ ಸೇರಿಸುತ್ತಾ ಹೋಗಿ, ಆ ಪ್ರಮಾಣವನ್ನು ಇಡೀ ಗುಂಡಿಗೆ ಗುಣಿಸಿ. ಸುಣ್ಣ ಹಾಕಿದ ಮೇಲೆ ನೀರು ಕಪ್ಪಾಗುತ್ತದೆ. ಅಕ್ಕಪಕ್ಕದವರು ಗಾಬರಿಯಾಗಿ ದೂರು ಕೊಡುವುದು ಆಗಲೇ. ಹಣ್ಣಿನ ಸಿಪ್ಪೆಯ ಬಣ್ಣದ ಅಂಶಗಳು ಪಿಎಚ್ ಏರಿದಾಗ ಹಾಗೆ ತಿರುಗುತ್ತವೆ. ಬಣ್ಣ ನೋಡಿ ವಿಷ ಎನ್ನುವುದೂ ತಪ್ಪು, ತಿಳಿಯಾಗಿದೆ ಎಂದು ಹೊಳೆಗೆ ಬಿಡುವುದೂ ತಪ್ಪು.

ಆಮೇಲೆ ಗಾಳಿಯಿಲ್ಲದ ಗುಂಡಿ. ದಿನಕ್ಕೆ 10 ಟನ್ ಹಣ್ಣು, ಕಿಲೋಗೆ ಒಂದು ಲೀಟರ್, 21 ದಿನ ತಂಗಬೇಕು ಎಂದರೆ 210 ಘನ ಮೀಟರ್: 14 ಮೀಟರ್ ಉದ್ದ, 10 ಮೀಟರ್ ಅಗಲ, ನೀರಿನ ಆಳ ಒಂದೂವರೆ ಮೀಟರ್. ಮೇಲೆ ಒಂದೆರಡು ಅಡಿ ಖಾಲಿ ಬಿಟ್ಟಿರಬೇಕು. ತಳಕ್ಕೆ ಸಿಲ್ಪಾಲಿನ್ ಪ್ಲಾಸ್ಟಿಕ್ ಹಾಳೆ ಹಾಸದಿದ್ದರೆ ಗುಂಡಿ ಖಾಲಿಯಾಗುತ್ತಾ ಬರುತ್ತದೆ, ನೀವು ಖುಷಿಪಡುತ್ತೀರಿ, ಕೆಳಗಿನ ಮನೆಯ ಬಾವಿ ಕೆಡುತ್ತದೆ. ಮೀಥೇನ್ ಮಾಡುವ ಜೀವಿಗಳು ಹುಳಿ ಸಹಿಸುವುದಿಲ್ಲ. ಪಿಎಚ್ 6ರ ಕೆಳಗೆ ಇಳಿದರೆ ಕೆಲಸ ನಿಲ್ಲಿಸುತ್ತವೆ, ಹುಳಿ ಮಾಡುವವು ಮಾತ್ರ ಉಳಿಯುತ್ತವೆ, ಊರೆಲ್ಲ ನಾರುತ್ತದೆ. ಹಾಗಾಗಿ ಪಿಎಚ್ ವಾರಕ್ಕೊಮ್ಮೆ ನೋಡಿ. ಶುರುವಿನಲ್ಲಿ ಸಗಣಿ ರಾಡಿ ಹಾಕುವುದು ಸರಿ. ಗೋಬರ್ ಗ್ಯಾಸ್ ತೊಟ್ಟಿಯಿಂದ ಹೊರಬಂದ ರಾಡಿ ಸಿಕ್ಕರೆ ಇನ್ನೂ ಒಳ್ಳೆಯದು, ಅದರಲ್ಲಿ ಈ ಜೀವಿಗಳು ದುಡಿಯುತ್ತಲೇ ಇರುತ್ತವೆ. ಚಳಿಯಲ್ಲಿ ಅವು ಮಂದ, ಗುಂಡಿ ಬಿಸಿಲಿಗೆ ಇರಲಿ, ಮರದ ನೆರಳಿಗೆ ಬೇಡ. ಇಲ್ಲಿಂದ ಹೊರಬಂದ ನೀರಿಗೆ ಆಳ ಕಡಿಮೆಯ ಇನ್ನೊಂದು ಗುಂಡಿಯಲ್ಲಿ ಗಾಳಿಯಾಡಿಸಿ ತೋಟಕ್ಕೆ ಬಿಡಬಹುದು. ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡದಲ್ಲಿ ನೀರಾವರಿಗೆ ಬಿಡುವ ನೀರಿನ ಬಿಒಡಿ ಮಿತಿ 100, ಹೊಳೆಗೆ 30. ಐದು ಸಾವಿರದಿಂದ ಮೂವತ್ತಕ್ಕೆ ಇಳಿಸುವುದು ಗುಂಡಿಗಳಿಂದ ಸುಲಭವಲ್ಲ. ಹೊಳೆಯ ಆಸೆ ಬಿಟ್ಟು ನೆಲದ ಮೇಲೇ ಮುಗಿಸಿ.

ಹಣ್ಣಿನ ಹಿಂದೆಯೇ ಹೂವಿನ ಕಾಲ. ಹೂ ಅರಳಿಸುವ ಹೂಮಳೆ ಬಾರದಿದ್ದರೆ ರೋಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್. ಒಂದೂವರೆ ಇಂಚಿನಂತೆ 100 ಎಕರೆಗೆ 1 ಕೋಟಿ 54 ಲಕ್ಷ ಲೀಟರ್. ನಮ್ಮ ತೋಡಿನ ಪೂರ್ತಿ ನೀರು ಎರಡು ದಿನದಷ್ಟು, ಅದೂ ಜನವರಿಯ ಹರಿವಿನಲ್ಲಿ. ಮಾರ್ಚಿಗೆ ಅದು ಇನ್ನೂ ಇಳಿದಿರುತ್ತದೆ. ಎಲ್ಲರೂ ಒಂದೇ ವಾರ ಮೋಟಾರು ಹಾಕಿದರೆ ಏನಾಗುತ್ತದೆ ಎಂದು ಹೊಳೆ ದಡದವರಿಗೆ ನಾನು ಹೇಳಬೇಕಿಲ್ಲ. ಮಳೆಗಾಲದಲ್ಲಿ ತುಂಬಿಕೊಂಡ ಸ್ವಂತ ಕೆರೆ, ಒಂದೇ ತೋಡಿನವರ ನಡುವೆ ಸರದಿ, ಇವೆರಡೇ ದಾರಿ.

ಮಳೆಗಾಲದಲ್ಲಿ ತೊಂದರೆ ಬೇರೆ ರೂಪದಲ್ಲಿ ಬರುತ್ತದೆ. ಶೌಚಗುಂಡಿಯ ತಳಕ್ಕೂ ಅಂತರ್ಜಲಕ್ಕೂ ನಡುವೆ 2 ಮೀಟರಾದರೂ ಒಣ ಮಣ್ಣು ಇರಬೇಕು, ರೋಗಾಣುಗಳು ಸೋಸಿಹೋಗುವುದು ಅಲ್ಲಿ. ತಗ್ಗಿನ ಮನೆಗಳಲ್ಲಿ, ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಜುಲೈ ಹೊತ್ತಿಗೆ ಬಾವಿ ನೀರು ಕೈಗೆ ಸಿಗುವಷ್ಟು ಮೇಲೆ ಬಂದಿರುತ್ತದೆ. ಅಂದರೆ ಗುಂಡಿಯೂ ಬಾವಿಯೂ ಒಂದೇ ನೀರಿನಲ್ಲಿ ನಿಂತಿವೆ. ಬೇಸಿಗೆಯಲ್ಲಿ ಚೆನ್ನಾಗಿದ್ದ ಬಾವಿ ಆಗ ಕೆಡುತ್ತದೆ. ಕುದಿಸಿ ಕುಡಿಯುವುದು ಭದ್ರ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದಾದರೆ ಅಳತೆ ಇರಲಿ: ಸಾವಿರ ಲೀಟರಿಗೆ ಎರಡೂವರೆ ಗ್ರಾಂ. ಎರಡು ಮೀಟರ್ ವ್ಯಾಸ, ಮೂರು ಮೀಟರ್ ನೀರಿನ ಬಾವಿಯಲ್ಲಿ 9,420 ಲೀಟರ್, ಪುಡಿ ಸುಮಾರು 24 ಗ್ರಾಂ. ಬಕೆಟಿನಲ್ಲಿ ಮೊದಲು ಪೇಸ್ಟಿನಂತೆ ಕಲಸಿ, ಆಮೇಲೆ ನೀರು ಸೇರಿಸಿ, ಹತ್ತು ನಿಮಿಷ ಬಿಡಿ. ತಳಕ್ಕೆ ಕೂತ ಸುಣ್ಣವನ್ನು ಚೆಲ್ಲಿ, ತಿಳಿಯನ್ನು ಮಾತ್ರ ಬಾವಿಯೊಳಗೆ ಇಳಿಸಿ ಕಲಕಿ. ಒಂದು ಗಂಟೆ ಯಾರೂ ನೀರು ಸೇದಬಾರದು. ಬಾಯಿ ತೆರೆದಿಟ್ಟ ಚೀಲದ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ, ಕೆಂಪು ನೀರಿಗೆ ಹೆಚ್ಚು ಬೇಕಾಗುತ್ತದೆ. ಹಾಕಿದರೂ ಭೇದಿ ನಿಲ್ಲಲಿಲ್ಲ ಎನ್ನುವವರ ಮನೆಯಲ್ಲಿ ಹೆಚ್ಚಾಗಿ ಈ ಎರಡರಲ್ಲೊಂದು ಕಾರಣ.

ಇನ್ನು ಹವಾಮಾನ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7 ಶೇಕಡಾ ಹೆಚ್ಚು ಆವಿ ಹಿಡಿಯಬಲ್ಲದು. ಮಳೆ ಬಂದಾಗ ಅದು ಜೋರಾಗಿ ಸುರಿಯಲು ಸಾಮಗ್ರಿ ಹೆಚ್ಚು ಎಂದರ್ಥ. ವರ್ಷದ ಮೊತ್ತ ಮೊದಲಿನಷ್ಟೇ ಇದ್ದರೂ 100 ಇಂಚು ನೂರು ದಿನದಲ್ಲಿ ಬೀಳುವುದಕ್ಕೂ ಐವತ್ತು ದಿನದಲ್ಲಿ ಬೀಳುವುದಕ್ಕೂ ಬಹಳ ಅಂತರ. ಮಣ್ಣು ಕುಡಿಯುವ ವೇಗಕ್ಕೆ ಮಿತಿ ಇದೆ. ಅದನ್ನು ಮೀರಿದ್ದು ಓಡುತ್ತದೆ, ಜನವರಿಯ ತೋಡಿಗೆ ಸಿಗುವುದಿಲ್ಲ. ನಿಮ್ಮ ತೋಟಗಳಲ್ಲಿ ಅಜ್ಜನ ಕಾಲದಿಂದ ಬರೆದಿಟ್ಟ ಮಳೆ ಪುಸ್ತಕಗಳಿವೆ. ತಿಂಗಳ ಮೊತ್ತವನ್ನು ಬಿಟ್ಟು, ಒಂದು ದಿನಕ್ಕೆ ಎರಡೂವರೆ ಇಂಚು ದಾಟಿದ ದಿನಗಳೆಷ್ಟು, 8 ಇಂಚು ದಾಟಿದ್ದೆಷ್ಟು ಎಂದು ವರ್ಷವಾರು ಎಣಿಸಿ. ಹವಾಮಾನ ಇಲಾಖೆ ಭಾರೀ ಮಳೆ ಮತ್ತು ಅತ್ಯಂತ ಭಾರೀ ಮಳೆ ಎನ್ನುವ ಗೆರೆಗಳು ಹೆಚ್ಚುಕಡಿಮೆ ಇವೇ, 64.5 ಮತ್ತು 204.4 ಮಿಲಿಮೀಟರ್.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಕಡೆ ಏನಾಯಿತೆಂದು ಇಲ್ಲಿ ಕೂತವರಿಗೆ ಗೊತ್ತು. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಗಜಗಿರಿ. ವಾರಗಟ್ಟಲೆ ನೆನೆದ ಇಳಿಜಾರಿನಲ್ಲಿ ನೀರು ಎರಡು ಕೆಲಸ ಮಾಡುತ್ತದೆ. ತೂಕ ಏರಿಸುತ್ತದೆ, ಜತೆಗೆ ಮಣ್ಣಿನ ಕಣಗಳ ನಡುವೆ ತುಂಬಿ ಅವುಗಳನ್ನು ಒಂದಕ್ಕೊಂದು ಒತ್ತಿ ಹಿಡಿದಿದ್ದ ಬಲವನ್ನು ಸಡಿಲಿಸುತ್ತದೆ. ಎರಡನೆಯದೇ ಹೆಚ್ಚು ಅಪಾಯ. ಇಳಿಜಾರಿನ ಬುಡ ಕಡಿದಿದ್ದರೆ ತಡೆಯುವುದಕ್ಕೆ ಏನೂ ಉಳಿದಿರುವುದಿಲ್ಲ. ಮಾಡಿನ ನೀರು ಬರೆಯ ನೆತ್ತಿಗೆ ಬೀಳಬಾರದು ಎಂದದ್ದು ಇದಕ್ಕೆ. ಪೈಪಿನಲ್ಲೋ ಕಲ್ಲು ಕಟ್ಟಿದ ಚರಂಡಿಯಲ್ಲೋ ಬರೆಯ ಬುಡ ದಾಟಿಸಿ ತೋಡಿಗೆ ಬಿಡಿ. ಬರೆಯ ಮೇಲೆ ಬಿರುಕು ಕಂಡರೆ ಜೇಡಿಮಣ್ಣು ತುಂಬಿ, ಮೇಲೆ ಟಾರ್ಪಾಲ್ ಹೊದಿಸಿ ನೀರು ಇಳಿಯದಂತೆ ಮಾಡಿ. ಬಿರುಕಿನ ಎರಡೂ ಬದಿಗೆ ಗೂಟ ಹೊಡೆದು ನಡುವಿನ ಅಂತರವನ್ನು ದಿನಕ್ಕೆರಡು ಬಾರಿ ಅಳೆದು ಬರೆಯಿರಿ. ಅಂತರ ಬೆಳೆಯುತ್ತಿದ್ದರೆ ಆ ರಾತ್ರಿ ಆ ಮನೆಯಲ್ಲಿ ಮಲಗಬೇಡಿ. ಹಿಂದೆ ಇಲ್ಲದ ಕಡೆ ಜಲ ಒಡೆದು ಕೆಸರು ನೀರು ಬಂದರೂ, ನೇರವಿದ್ದ ಮರ ವಾಲಿದರೂ ಹಾಗೆಯೇ. ಎಲ್ಲಕ್ಕಿಂತ ತುರ್ತಿನ ಸೂಚನೆ ತೋಡಿನಲ್ಲೇ ಇದೆ: ಮಳೆ ಸುರಿಯುತ್ತಿರುವಾಗಲೇ ನೀರು ಇದ್ದಕ್ಕಿದ್ದಂತೆ ಇಳಿದರೆ ಮೇಲೆಲ್ಲೋ ಮಣ್ಣು ಜಾರಿ ಅಡ್ಡಗಟ್ಟಿದೆ. ಏನಾಯಿತೆಂದು ನೋಡಲು ತೋಡಿನ ಗುಂಟ ಮೇಲೆ ಹೋಗಬೇಡಿ. ಟಾರ್ಚು ಹಿಡಿದು, ತೋಡನ್ನು ದಾಟದೆ, ಅದರಿಂದ ದೂರ ಸರಿದು ಪಕ್ಕದ ದಿಣ್ಣೆಗೆ ಹತ್ತಿ.